ನೋವಿಗೆ ಮೂರು ಅಂಕ

ಅಕ್ಕನ ಮಂಚದ ಕಾಲ್ಬದಿಗೆ ಒಂದು ರಟ್ಟು ತೂಗುಹಾಕಿತ್ತು. ಅದಕ್ಕೆ ಸಿಕ್ಕಿಸಿದ ಹಾಳೆಯಲ್ಲಿ ನಾಲ್ಕು ದಿನಗಳಿಂದ ಒಂದೇ ಅಂಕಿ. ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು, ಸಂಜೆ ಮೂರು. ಸಿಸ್ಟರುಗಳು ಬಂದು, "ಟೀಚರ್, ಹತ್ತಕ್ಕೆ ಎಷ್ಟು ನೋವಿದೆ?" ಎಂದು ಕೇಳುತ್ತಿದ್ದರು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದಷ್ಟು. ಅಕ್ಕ ಕನ್ನಡಕ ಸರಿಮಾಡಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, "ಮೂರು" ಎನ್ನುತ್ತಿದ್ದಳು. ಅವರು ಬರೆದುಕೊಂಡು ಮುಂದಿನ ಕೋಣೆಗೆ ಹೋಗುತ್ತಿದ್ದರು.

ಅವರು ಹೋದ ಮೇಲೆ ಅವಳು ಮಂಚದ ಕಂಬಿಯನ್ನು ಹಿಡಿದುಕೊಳ್ಳುತ್ತಿದ್ದಳು. ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ.

"ಅಕ್ಕಾ, ನೋವು ಜಾಸ್ತಿ ಇದೆ ಅಲ್ವೇನೇ?"

"ಅವರು ಕೇಳಿದ್ರು, ನಾನು ಹೇಳಿದೆ. ನಿನಗೆ ಬೇರೆ ಇನ್ನೊಂದ್ಸಲ ಹೇಳ್ಬೇಕಾ?"

ಅವಳ ಜೊತೆ ವಾದಿಸಿ ನಾನು ಎಪ್ಪತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಗೆದ್ದಿಲ್ಲ. ಸುಮ್ಮನೆ ಕಿಟಕಿಯ ಕಡೆ ತಿರುಗಿ ಕುಳಿತೆ.

ಆ ಕಟ್ಟಡದ ಹೊರಗಿನ ಫಲಕದಲ್ಲಿ 'ಉಪಶಮನ ಆರೈಕೆ ಕೇಂದ್ರ' ಎಂದು ಬರೆದಿತ್ತು. ನಾವು ಆರೈಕೆ ಮನೆ ಎನ್ನುತ್ತಿದ್ದೆವು. ವಾಸಿಮಾಡಿ ಕಳಿಸುವ ಜಾಗವಲ್ಲ ಅದು. ಆಸ್ಪತ್ರೆಯವರು ಇನ್ನು ನಮ್ಮಿಂದಾಗುವುದು ಏನೂ ಇಲ್ಲ ಎಂದು ಕೈ ಚೆಲ್ಲಿದ ಮೇಲೆ, ಉಳಿದ ದಿನಗಳನ್ನು ನೋವಿಲ್ಲದೆ ಕಳೆಯಲಿ ಎಂದು ಕರೆತರುವ ಜಾಗ. ಅಕ್ಕನ ಎದೆಯಲ್ಲಿ ಶುರುವಾದ ಗಡ್ಡೆ ಬೆನ್ನುಮೂಳೆಗೂ ಸೊಂಟದ ಎಲುಬಿಗೂ ಇಳಿದಿತ್ತು. ನೋವಿಲ್ಲದೆ ಇರಲಿ ಎಂದು ಕರೆತಂದ ಜಾಗದಲ್ಲಿ ಅವಳು ನೋವು ನುಂಗಿಕೊಂಡು ಮಲಗಿದ್ದಳು. ನನಗೆ ಅದೇ ಒಂದು ಸಂಕಟ.

ಡಾಕ್ಟರು ವಾರಕ್ಕೆ ಎರಡು ಸಲ ಬರುತ್ತಿದ್ದರು. ನಾಲ್ಕು ಗಂಟೆಗೊಮ್ಮೆ ಇಷ್ಟು ಮಾರ್ಫಿನ್, ಐದು ಅಥವಾ ಅದರ ಮೇಲೆ ಹೇಳಿದರೆ ಇನ್ನೂ ಇಷ್ಟು ಎಂದು ಬರೆದಿಟ್ಟಿದ್ದರು. ಅಕ್ಕ ಐದು ಹೇಳಿದರೆ ತಾನೇ!

ಇನ್ನು ನಮ್ಮ ತಮ್ಮ. ಅವನು ಮೂವತ್ತು ವರ್ಷ ಲಿಫ್ಟುಗಳನ್ನು ಪರೀಕ್ಷಿಸಿ ಸಹಿ ಹಾಕುತ್ತಿದ್ದವನು. ಈಗಲೂ ಯಾವ ಲಿಫ್ಟಿಗೆ ಹತ್ತಿದರೂ ಮೊದಲು ಎಷ್ಟು ಜನ, ಎಷ್ಟು ಭಾರ ಎಂಬ ಫಲಕ ಓದಿ, ಒಳಗಿದ್ದವರನ್ನು ಎಣಿಸಿ, ಬೇಕಾದರೆ ಒಬ್ಬರನ್ನು ಇಳಿಸುತ್ತಾನೆ. ದಿನಾ ಹತ್ತು ಗಂಟೆಗೆ ಬಂದು ಮೊದಲು ಆ ರಟ್ಟು ನೋಡುತ್ತಿದ್ದ.

"ಮೂರು. ಮಿತಿಯೊಳಗೇ ಇದೆ. ನೀನ್ಯಾಕೆ ಸುಮ್ನೆ ಗಾಬರಿಯಾಗ್ತೀಯಾ?"

"ಅವಳ ಮುಖ ನೋಡೋ."

"ಮುಖ ಯಾವಾಗ ನಗ್ತಾ ಇತ್ತು ಹೇಳು? ಸುಮ್ನಿರು. ಆ ಔಷಧಿ ಅಫೀಮಿನ ಜಾತಿ. ಒಂದು ತೊಟ್ಟು ಹೆಚ್ಚಾದ್ರೂ ಆಮೇಲೆ ಎಚ್ಚರ ಇರಲ್ಲ. ಮೂರಿದ್ರೆ ಮೂರರಲ್ಲೇ ಇರ್ಲಿ."

ಅಕ್ಕ ಕಣ್ಣು ಮುಚ್ಚಿಕೊಂಡೇ, "ಇಬ್ಬರೂ ಹೊರಗೆ ಹೋಗಿ ಮಾತಾಡ್ಕೊಳ್ಳಿ" ಎಂದಳು. ಅರುವತ್ತೆಂಟು ವರ್ಷದ ಅವನೂ ನಾನೂ ಎದ್ದು ಹೊರಗೆ ಹೋದೆವು.

ಐದನೆಯ ದಿನ ಬೆಳಿಗ್ಗೆ ಹೊರಗಿನ ಓಣಿಯಲ್ಲಿ ಯಾರೋ ಯಾರನ್ನೋ ಬೈಯುತ್ತಾ ಬರುವುದು ಕೇಳಿಸಿತು.

"ನೀನೊಬ್ಬ ನೆಟ್ಟಗಿದ್ದಿದ್ರೆ ಈ ಮನೆ ಉದ್ಧಾರ ಆಗ್ತಿತ್ತು. ಅತ್ತ ಅಂದ್ರೆ ಇತ್ತ. ಇತ್ತ ಅಂದ್ರೆ ಗೋಡೆಗೆ. ಹದಿನೈದು ದಿನ ನಾನಿಲ್ಲ ಅಂದ ತಕ್ಷಣ ನಿಂಗೆ ಎಣ್ಣೆ ಹಾಕೋರು ಯಾರೂ ಇಲ್ವಾ?"

ಬೈಸಿಕೊಳ್ಳುತ್ತಿದ್ದುದು ಔಷಧಿ ಗಾಡಿಯ ಮುಂದಿನ ಚಕ್ರ. ಬೈಯುತ್ತಿದ್ದವರು ರಜೆ ಮುಗಿಸಿ ಬಂದ ಹಿರಿಯ ಸಿಸ್ಟರ್. ಗುಂಡಗೆ, ಕುಳ್ಳಗೆ, ಐವತ್ತರ ಆಚೆಯ ವಯಸ್ಸು, ಸೊಂಟದಲ್ಲಿ ಕತ್ತರಿ. ಇಡೀ ಮನೆ ಅವರನ್ನು ಗೊಣಗು ಸಿಸ್ಟರ್ ಎನ್ನುತ್ತದೆಂದು ನನಗೆ ಆಮೇಲೆ ತಿಳಿಯಿತು. ಅವರಿಗೂ ಅದು ಗೊತ್ತಿತ್ತು.

ಒಳಗೆ ಬಂದವರು ಕೋಣೆಯನ್ನೊಮ್ಮೆ ನೋಡಿ ದಿಂಬಿನ ಮೇಲೆ ಗೊಣಗಿದರು, ಕಿಟಕಿಯ ಪರದೆಯ ಮೇಲೆ ಗೊಣಗಿದರು. ನಲ್ಲಿಯ ಬಿಸಿನೀರಿನಲ್ಲಿ ಕೈ ಹಿಡಿದು ನಿಂತರು. ಕೈ ತೊಳೆಯುತ್ತಿದ್ದಾರೆ ಎಂದುಕೊಂಡೆ. ತೊಳೆದಾಗಿತ್ತು, ಅವರು ಕೈ ಬಿಸಿಮಾಡಿಕೊಳ್ಳುತ್ತಿದ್ದರು. ಆಮೇಲೆ ಅಕ್ಕನ ಕಣ್ಣಿಗೆ ನೇರವಾಗಿ, ಅವಳು ಕತ್ತು ತಿರುಗಿಸಬೇಕಾಗದ ಕಡೆ ಹೋಗಿ ಕುರ್ಚಿ ಎಳೆದುಕೊಂಡು ಕುಳಿತರು. ನಾನು ನಾಲ್ಕು ದಿನದಿಂದ ಮಂಚದ ಅಂಚಿನಲ್ಲೇ ಕುಳಿತಿದ್ದೆ. ಪ್ರತಿ ಸಲ ನಾನು ಅಲುಗಾಡಿದಾಗ ಮಂಚವೂ ಅಲುಗಾಡುತ್ತಿತ್ತೆಂದು ಆಗ ಹೊಳೆಯಿತು. ಮೆಲ್ಲಗೆ ಎದ್ದು ನಿಂತೆ. ಅವರು ನನ್ನ ಕಡೆ ನೋಡಲೂ ಇಲ್ಲ, ಆದರೆ ಕಾಲಿನಿಂದ ಇನ್ನೊಂದು ಸ್ಟೂಲನ್ನು ನನ್ನ ಕಡೆ ತಳ್ಳಿದರು.

"ನಮಸ್ಕಾರ ಟೀಚರ್. ಏನು ಪಾಠ ಹೇಳ್ತಿದ್ರಿ?"

"ಗಣಿತ. ಮೂವತ್ತಾರು ವರ್ಷ."

"ಅದಕ್ಕೇ!" ಎಂದು ಅವರು ಹಾಳೆ ನೋಡಿದರು. "ಇದೇನಿದು, ಮೂರು ಮೂರು ಮೂರು. ನಮ್ಮವರು ಮಗ್ಗಿ ಬರೆದಿದ್ದಾರೆ ಅಂದ್ಕೊಂಡೆ. ಹೊಟ್ಟೆ ಸಾಫ್ ಆಯ್ತಾ?"

ಅಕ್ಕ ತಮ್ಮನ ಕಡೆ ನೋಡಿದಳು. ಅವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

"ಅದನ್ನ ಎಲ್ಲರ ಎದುರಿಗೆ ಕೇಳ್ತಾರಾ?"

"ಹಾಗಾದ್ರೆ ಆಗಿಲ್ಲ ಅಂತಾಯ್ತು. ಈ ಔಷಧಿ ಕೊಟ್ಟು ಅದಕ್ಕೆ ಔಷಧಿ ಕೊಡದೇ ಇದ್ರೆ ಹೊಟ್ಟೆ ಕಲ್ಲಾಗುತ್ತೆ. ಆ ನೋವು ಬೇರೆ. ಯಾರಪ್ಪಾ ಇದನ್ನ ಬಿಟ್ಟಿರೋದು, ಬರ್ಲಿ ಅವರು." ಹೀಗೆ ಗೊಣಗುತ್ತಲೇ ಬರೆದುಕೊಂಡರು. "ಸಾರ್, ಸ್ವಲ್ಪ ಹೊರಗಿರ್ತೀರಾ? ಬೆನ್ನು ನೋಡ್ಬೇಕು."

ತಮ್ಮ ಹೋದ. ಸಿಸ್ಟರ್ ಒಂದು ಕೈ ಅಕ್ಕನ ಭುಜದ ಹಿಂದೆ, ಒಂದು ಕೈ ಮಂಡಿಯ ಹಿಂದೆ ಇಟ್ಟು, "ನೀವೇನೂ ಮಾಡ್ಬೇಡಿ, ನಾನೇ ತಿರುಗಿಸ್ತೀನಿ" ಎಂದು ಎಡಕ್ಕೆ ತಿರುಗಿಸಿದರು. ಅಕ್ಕ ಸದ್ದು ಮಾಡಲಿಲ್ಲ. ಆದರೆ ಸಿಸ್ಟರ್ ನೋಡುತ್ತಿದ್ದುದು ಮುಖವನ್ನಲ್ಲ, ಹೊದಿಕೆಯ ಆಚೆ ಇದ್ದ ಪಾದಗಳನ್ನು. ಕಾಲ್ಬೆರಳುಗಳು ಹತ್ತೂ ಒಳಕ್ಕೆ ಮುದುರಿಕೊಂಡಿದ್ದವು. ಮೇಲ್ದುಟಿಯ ಮೇಲೆ ಬೆವರು.

"ಈಗೆಷ್ಟು ಟೀಚರ್?"

ಅಕ್ಕ ಉಸಿರು ಹಿಡಿದು ಲೆಕ್ಕ ಹಾಕಿದಳು. "ಮೂರೂವರೆ."

ನನಗೆ ತಡೆಯಲಾಗಲಿಲ್ಲ. ಜೋರುಮಾತು ನನಗೆ ಅಭ್ಯಾಸವಿಲ್ಲ. ಆದರೆ ಆವತ್ತು ಹೇಗೋ ಬಂದುಬಿಟ್ಟಿತು.

"ಸಿಸ್ಟರ್, ಅವಳನ್ನ ನಂಬಬೇಡಿ! ಇವಳು ಯಾರಿಗೂ ಅಂಕ ಕೊಟ್ಟವಳಲ್ಲ. ಇಡೀ ತರಗತಿ ಫೇಲ್ ಮಾಡಿ ಹೆಡ್‌ಮಾಸ್ಟರ್ ಕೈಲಿ ಬೈಸ್ಕೊಂಡವಳು. ನನಗೆ ಗಂಡು ನೋಡಿದಾಗ, ಹುಡುಗ ಹೇಗಿದ್ದಾನೆ ಅಕ್ಕಾ ಅಂದ್ರೆ, ಹತ್ತಕ್ಕೆ ಐದು ಅಂದ್ಲು. ನಾನು ಎರಡು ದಿನ ಅತ್ತೆ. ಆಮೇಲೆ ಗೊತ್ತಾಯ್ತು, ಐದು ಅಂದ್ರೆ ಅವಳಿಗೆ ಬಹಳ ಇಷ್ಟ ಆಗಿದ್ದಾರೆ ಅಂತ!"

"ನಿಜವಾಗ್ಲೂ ಐದೇ ಇದ್ದಿದ್ದು. ಕತ್ತು ಸ್ವಲ್ಪ ಉದ್ದ" ಎಂದಳು ಅಕ್ಕ, ಗೋಡೆಯ ಕಡೆ ಮುಖಮಾಡಿ ಮಲಗಿದ್ದವಳು.

ಸಿಸ್ಟರ್ ಅಕ್ಕನ ಎರಡು ಮಂಡಿಗಳ ನಡುವೆ ದಿಂಬಿಟ್ಟು, ಬೆನ್ನಿಗೊಂದು ಒತ್ತುಕೊಟ್ಟು, ಸುತ್ತಿಕೊಂಡು ಅವಳ ಮುಖದ ಕಡೆ ಹೋಗಿ ಮತ್ತೆ ಕುಳಿತರು.

"ಟೀಚರ್, ನಿಮಗೆ ಜೀವಮಾನದಲ್ಲಿ ಇದಕ್ಕೆ ಮುಂಚೆ ತುಂಬಾ ನೋವಾಗಿದ್ದು ಯಾವಾಗ?"

"ಸ್ಕೂಲಿನ ಮೆಟ್ಟಿಲ ಮೇಲೆ ಬಿದ್ದು ಮುಂಗೈ ಮುರೀತು. ಎಲುಬು ಹೊರಗೇ ಬಂದಿತ್ತು."

"ಆಗ ಏನು ಮಾಡಿದ್ರಿ?"

"ಬೋರ್ಡಿನ ಮೇಲೆ ಪ್ರಮೇಯ ಅರ್ಧಕ್ಕೆ ನಿಂತಿತ್ತು. ಮುಗಿಸಿ ಆಸ್ಪತ್ರೆಗೆ ಹೋದೆ. ಎಡಗೈಲಿ ಬರೆದೆ."

"ಅದಕ್ಕೆಷ್ಟು ಕೊಡ್ತೀರಿ?"

"ಎರಡು. ಬೇಕಾದ್ರೆ ಎರಡೂಕಾಲು."

ಸಿಸ್ಟರ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಎಲುಬು ಹೊರಗೆ ಬಂದರೆ ಎರಡು! ಹಾಗಾದರೆ ನಾಲ್ಕು ದಿನದಿಂದ ಇದ್ದ ಆ ಮೂರು ಏನು?

"ಹತ್ತು ಯಾರಿಗೆ ಕೊಡ್ತೀರಿ ಹಾಗಾದ್ರೆ?" ಸಿಸ್ಟರ್ ಕೇಳಿದರು. ದನಿ ತಗ್ಗಿತ್ತು.

"ಯಾರಿಗೂ ಕೊಡಲ್ಲ. ಒಂದೇ ಒಂದ್ಸಲ ಏಳು ಕೊಟ್ಟಿದ್ದೀನಿ." ಅಕ್ಕ ತುಟಿ ಒದ್ದೆ ಮಾಡಿಕೊಂಡಳು. "ಈಗಲೇ ಎಂಟೋ ಒಂಬತ್ತೋ ಕೊಟ್ಟುಬಿಟ್ರೆ, ಮುಂದೆ ಬರೋದಕ್ಕೆ ಏನು ಕೊಡ್ಲಿ? ಇನ್ನೂ ಬರೋದಿದೆಯಲ್ಲ. ಜಾಗ ಇಟ್ಕೋಬೇಕು."

ಎಪ್ಪತ್ತೊಂದು ವರ್ಷ ನೋಡಿದ್ದೇನೆ ಇವಳನ್ನು. ಜಿಪುಣತನ, ಹಟ, ಮೇಷ್ಟರಗಿತ್ತಿಯ ಬಿಗುಮಾನ ಎಂದೆಲ್ಲ ಅಂದುಕೊಂಡಿದ್ದೆ. ಹೆದರಿಕೆ ಎಂದು ಹೊಳೆದಿರಲೇ ಇಲ್ಲ.

"ಅದು ಬರದ ಹಾಗೆ ನೋಡ್ಕೊಳ್ಳೋಕೇ ನಾನಿಲ್ಲಿರೋದು" ಎಂದರು ಸಿಸ್ಟರ್. "ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಆದ್ರೆ ನೀವು ಹೀಗೆ ಕೈ ಬಿಗಿ ಹಿಡಿದ್ರೆ ನಾನು ಡಾಕ್ಟರಿಗೆ ಏನಂತ ಹೇಳ್ಲಿ? ಒಂದು ಕೆಲಸ ಮಾಡಿ. ನೋವಿಗೆ ಅಂಕ ಕೊಡೋದು ಬಿಡಿ. ನಮ್ಮ ಔಷಧಿಗೆ ಕೊಡಿ."

"ಔಷಧಿಗಾ?"

"ಹೌದು. ಅದೇ ವಿದ್ಯಾರ್ಥಿ. ನೀವು ಪೇಪರ್ ತಿದ್ದಿ."

ಅಕ್ಕನ ಹುಬ್ಬು ಮೇಲೇರಿತು. ಎಷ್ಟೋ ವಾರಗಳ ಮೇಲೆ ಆ ಹುಬ್ಬು ಹಾಗೆ ಏರಿದ್ದನ್ನು ಕಂಡೆ. "ಪ್ರಶ್ನೆ ಏನು?"

"ಟೀಚರಿಗೆ ನೋವಿಲ್ಲದ ಹಾಗೆ ನೋಡ್ಕೋ ಅನ್ನೋದು."

"ಎಷ್ಟು ಸಮಯ ಕೊಟ್ಟಿದ್ದೀರಿ?"

"ನಾಲ್ಕು ಗಂಟೆ."

"ಮೊದಲ ಒಂದು ಗಂಟೆ ಪರವಾಗಿಲ್ಲ, ಏನೋ ಬರೆಯುತ್ತೆ. ಆಮೇಲೆ ಕಿಟಕಿ ನೋಡ್ತಾ ಕೂತ್ಕೊಳ್ಳುತ್ತೆ. ಕೊನೇ ಎರಡು ಗಂಟೆ ಹಾಳೆ ಖಾಲಿ." ಅವಳು ಕಣ್ಣು ಮುಚ್ಚಿ ತೂಗಿ ನೋಡಿದಳು. "ಎರಡು. ಅದೂ ಹಾಜರಾತಿಗೆ."

"ಫೇಲು" ಎಂದರು ಸಿಸ್ಟರ್, ಬಹಳ ತೃಪ್ತಿಯಿಂದ. ಗಾಡಿಯನ್ನು ಬಾಗಿಲಲ್ಲೇ ಬಿಟ್ಟು ದಡದಡನೆ ಹೊರಗೆ ಹೋದರು.

ಅವರು ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡುತ್ತಿದ್ದುದು ಓಣಿಯುದ್ದಕ್ಕೂ ಕೇಳುತ್ತಿತ್ತು. "ಇಲ್ಲ ಸಾರ್, ಐದು ಹೇಳಲ್ಲ. ಹೇಳೋದೂ ಇಲ್ಲ. ಹಾಳೆ ಮೂರು ಅನ್ನುತ್ತೆ, ಕಾಲ್ಬೆರಳು ಎಂಟು ಅನ್ನುತ್ತೆ, ನಾನು ಕಾಲ್ಬೆರಳನ್ನ ನಂಬ್ತೀನಿ... ಎರಡು ಗಂಟೆಗೆಲ್ಲ ಔಷಧಿ ಶಕ್ತಿ ಇಳಿದುಹೋಗ್ತಿದೆ ಸಾರ್... ಗುರುವಾರದ ತನಕ ಕಾಯೋಕೆ ನೀವು ಮಲಗಿದ್ದೀರಾ, ಅವರು ಮಲಗಿದ್ದಾರಾ?... ಆಯ್ತು, ಬನ್ನಿ. ಊಟ ಮಾಡ್ಕೊಂಡೇ ಬನ್ನಿ, ಆದ್ರೆ ಬನ್ನಿ."

ಮಧ್ಯಾಹ್ನ ಡಾಕ್ಟರು ಬಂದರು. ಪಾಪ, ಒಳ್ಳೆಯವರೇ. ಅಕ್ಕನ ಮುಂಗೈಯ ಕಥೆ ಕೇಳಿ ತಲೆ ತಗ್ಗಿಸಿಕೊಂಡು ಹೊಸ ಪ್ರಮಾಣ ಬರೆದರು. ಮೈ ಒರೆಸುವುದಕ್ಕೂ ಮಗ್ಗುಲು ಬದಲಿಸುವುದಕ್ಕೂ ಅರ್ಧ ಗಂಟೆ ಮುಂಚೆ ಒಂದಿಷ್ಟು ಬೇರೆ ಕೊಡಬೇಕೆಂದು ಸಿಸ್ಟರ್ ಹೇಳಿದರು, ಅದನ್ನೂ ಬರೆದರು.

ತಮ್ಮ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

"ಹೆಚ್ಚು ಮಾಡೋದು ಬೇಡ. ನಾನು ಒಪ್ಪಲ್ಲ."

"ನೀವಲ್ಲ ಸಾರ್ ಕುಡಿಯೋದು" ಎಂದರು ಸಿಸ್ಟರ್.

"ಇದನ್ನ ಕೊಟ್ರೆ ಮಲಗಿಬಿಡ್ತಾಳೆ. ಮಲಗಿದವಳು ಏಳಲ್ಲ. ನನಗೆ ಗೊತ್ತಿಲ್ವಾ? ಬೇಗ ಮುಗಿಸೋದಕ್ಕೆ ಕೊಡೋದು ಇದನ್ನ."

"ಮುಗಿಸೋದು ಕಾಯಿಲೆ. ಈ ಔಷಧಿ ಅಲ್ಲ. ಸ್ವಲ್ಪ ಸ್ವಲ್ಪವಾಗಿ ಏರಿಸ್ತೀವಿ, ನೋಡ್ತಾ ಇರ್ತೀವಿ. ಒಂದು ದಿನ, ಎರಡು ದಿನ ನಿದ್ದೆ ಮಾಡ್ತಾರೆ ನಿಜ. ನೋವಲ್ಲಿ ಎಷ್ಟು ದಿನದಿಂದ ನಿದ್ದೆ ಮಾಡಿಲ್ಲವೋ ಅದೆಲ್ಲ ಒಟ್ಟಿಗೆ ಬರುತ್ತೆ."

"ಬೇಡ ಅಂದ್ರೆ ಬೇಡ!"

"ಏಯ್" ಎಂದಳು ಅಕ್ಕ ಮಲಗಿದಲ್ಲಿಂದ. ಅಮ್ಮ ತೀರಿಕೊಂಡಾಗ ಅವನಿಗೆ ಆರು ವರ್ಷ. ಅವನ ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿ, ಸ್ಕೂಲಿಗೆ ಎಳೆದುಕೊಂಡು ಹೋದವಳು ಇವಳೇ. ಆ ದನಿಗೆ ಅವನು ಈಗಲೂ ತಟ್ಟನೆ ತಿರುಗುತ್ತಾನೆ. "ಬಾಗಿಲು ಬಿಡು. ಅವರಿಗೆ ಬೇರೆ ಕೆಲಸ ಇಲ್ವಾ?"

ಅವನು ಬಾಗಿಲು ಬಿಟ್ಟ. ಸಿಸ್ಟರ್ ಪುಟ್ಟ ಲೋಟದಲ್ಲಿ ಔಷಧಿ ಕುಡಿಸಿ, ಒದ್ದೆ ಬಟ್ಟೆಯಿಂದ ಅಕ್ಕನ ತುಟಿಯನ್ನು ಒರೆಸಿದರು. ಅಕ್ಕ ಮಲಗಿದಳು.

ಮಲಗಿದವಳು ಸಂಜೆ ಏಳಲಿಲ್ಲ. ಔಷಧಿಯ ಹೊತ್ತಿಗೆ ಎಬ್ಬಿಸಿದರೆ ಬಾಯಿ ತೆರೆದು ನುಂಗಿ ಮತ್ತೆ ಮಲಗಿದಳು. ಮರುದಿನ ಬೆಳಿಗ್ಗೆಯೂ ಹಾಗೆಯೇ. ತಮ್ಮ ಏಳು ಗಂಟೆಗೇ ಬಂದು ಕುರ್ಚಿಯಲ್ಲಿ ಕುಳಿತು ಅವಳ ಎದೆ ಏರುವುದನ್ನೂ ಇಳಿಯುವುದನ್ನೂ ಎಣಿಸತೊಡಗಿದ. ಒಂಬತ್ತಾಯಿತು. ಹನ್ನೊಂದಾಯಿತು. ಕಿಟಕಿಯ ಹೊರಗೆ ಒಂದು ವ್ಯಾನು ಹಿಂದಕ್ಕೆ ಬರುತ್ತಾ ಕಿರಿಚಿತು, ಅವಳ ರೆಪ್ಪೆಯೂ ಅಲುಗಲಿಲ್ಲ.

"ನೋಡಿದೆಯಾ?" ಎಂದ ಅವನು, ನನ್ನ ಕಡೆ ನೋಡದೆ. "ಸುಮ್ನಿದ್ರೆ ಇನ್ನೂ ಮಾತಾಡ್ತಿದ್ಲು. ನೀನೇ ಮಾಡಿಸಿದ್ದು. ನೀನು ಬಾಯಿ ಬಿಡದೇ ಇದ್ದಿದ್ರೆ ಮೂರು ಅಂತಾನೇ ಇರ್ತಿತ್ತು."

ಅವನು ಹೇಳಿದ್ದನ್ನೇ ನಾನೂ ಬೆಳಗಿನಿಂದ ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಅಕ್ಕನ ಹಣೆಯ ಮೇಲಿನ ಗೆರೆ ಸಡಿಲವಾಗಿತ್ತು, ಕೈ ಕಂಬಿಯನ್ನು ಬಿಟ್ಟಿತ್ತು, ಕಾಲ್ಬೆರಳು ನೆಟ್ಟಗಿದ್ದವು. ಅದೆಲ್ಲ ಕಾಣುತ್ತಿತ್ತು. ಆದರೆ ಅವಳು ಹೀಗೇ ಹೊರಟುಹೋದರೆ, ಕೊನೆಗೆ ಆಡಿದ ಮಾತು "ಅವರಿಗೆ ಬೇರೆ ಕೆಲಸ ಇಲ್ವಾ" ಎಂಬುದಾಗಿಬಿಟ್ಟರೆ?

ಸಿಸ್ಟರ್ ಬಂದರು. ನಮ್ಮಿಬ್ಬರ ಮುಖ ನೋಡಿ, "ಏನು, ಇಲ್ಲಿ ಇಬ್ಬರು ಹೊಸ ಪೇಷೆಂಟಾ?" ಎಂದರು. ಯಾರೂ ನಗಲಿಲ್ಲ.

"ಎಷ್ಟು ಎಣಿಸಿದ್ರಿ ಸಾರ್?"

"ನಿಮಿಷಕ್ಕೆ ಹದಿಮೂರು. ಕೆಲವು ಸಲ ಹದಿನಾಲ್ಕು."

"ಸರಿಯಾಗೇ ಎಣಿಸಿದ್ದೀರಿ, ನಮ್ಮ ಹುಡುಗಿಯರಿಗಿಂತ ಚೆನ್ನಾಗಿ. ಎಂಟಕ್ಕಿಂತ ಕೆಳಗೆ ಇಳಿದ್ರೆ, ಅಥವಾ ಕರೆದ್ರೂ ಕಣ್ಣು ಬಿಡದೇ ಇದ್ರೆ, ನನ್ನನ್ನ ಕೂಗಿ. ಊಟಕ್ಕೆ ಕೂತಿದ್ರೂ ಬರ್ತೀನಿ. ಈಗ ನೋಡಿ." ಅವರು ಅಕ್ಕನ ಭುಜದ ಮೇಲೆ ಬೆಚ್ಚಗಿನ ಕೈ ಇಟ್ಟು, "ಟೀಚರ್" ಎಂದರು.

ಅಕ್ಕ ಕಣ್ಣು ಬಿಟ್ಟಳು. ಸಿಸ್ಟರನ್ನೂ ತಮ್ಮನನ್ನೂ ನೋಡಿ, ಮತ್ತೆ ಮುಚ್ಚಿದಳು.

"ಇದು ನಿದ್ದೆ. ಬರೀ ನಿದ್ದೆ. ಮಲಗಿರೋರ ಪಕ್ಕ ಕೂತ್ಕೊಂಡು ಜಗಳ ಆಡೋರನ್ನ ನಾನೆಲ್ಲೂ ಕಂಡಿಲ್ಲ" ಎಂದು ಗೊಣಗುತ್ತಾ ಹೋದರು. ಹೋಗುವಾಗ ತಮ್ಮನ ಮುಂದೆ ಒಂದು ಖಾಲಿ ಹಾಳೆ, ಪೆನ್ನು ಇಟ್ಟರು. ಅವನು ಪ್ರತಿ ಕಾಲುಗಂಟೆಗೆ ಬರೆಯತೊಡಗಿದ. ಆ ಹಾಳೆಯನ್ನು ಡಾಕ್ಟರು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಮೂರಾಗಿರಬೇಕು. ನಾನು ಸ್ಟೂಲಿನ ಮೇಲೆ ತೂಕಡಿಸುತ್ತಿದ್ದೆ.

"ಆ ವ್ಯಾನಿನವನಿಗೆ ಯಾರಾದ್ರೂ ಹೇಳಬಾರದಾ?" ಎಂಬ ದನಿ ಕೇಳಿಸಿತು. "ಹಿಂದಕ್ಕೆ ತಗೊಳ್ಳೋಕೆ ಎಷ್ಟು ಹೊತ್ತು? ಜಾಗ ಇಲ್ವಾ, ಬುದ್ಧಿ ಇಲ್ವಾ?"

ಅಕ್ಕ ಎದ್ದಿದ್ದಳು. ಕನ್ನಡಕ ಹುಡುಕುತ್ತಿದ್ದಳು. ತಮ್ಮ ಹಾಳೆ ಕೆಳಗೆ ಹಾಕಿ ಕನ್ನಡಕ ಹುಡುಕಲು ಹೋಗಿ, ಅದರ ಮೇಲೇ ಕೂರುವುದೊಂದು ಬಾಕಿ.

"ಏನೋ ಅದು, ಮುಖ ಹಾಗೆ ಮಾಡ್ಕೊಂಡಿದ್ದೀಯಾ? ಶೇವ್ ಮಾಡ್ಕೊಂಡಿಲ್ವಾ?"

"ಇಲ್ಲ ಅಕ್ಕ" ಎಂದ ಅವನು, ಮೂಗು ಒರೆಸಿಕೊಳ್ಳುತ್ತಾ.

ಸಿಸ್ಟರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಎಷ್ಟು ಟೀಚರ್, ನಮ್ಮ ವಿದ್ಯಾರ್ಥಿಗೆ?"

ಅಕ್ಕ ಸೊಂಟವನ್ನು ಸ್ವಲ್ಪವೇ ಅಲುಗಿಸಿ ನೋಡಿದಳು. ಇನ್ನೂ ಸ್ವಲ್ಪ ಅಲುಗಿಸಿದಳು. ಅವಳ ಮುಖದಲ್ಲಿ ಬಂದ ಆಶ್ಚರ್ಯವನ್ನು ಬಚ್ಚಿಟ್ಟುಕೊಳ್ಳಲು ಅವಳಿಗಾಗಲಿಲ್ಲ.

"ಐದು" ಎಂದಳು.

"ಬರೀ ಐದಾ? ಇಷ್ಟೆಲ್ಲಾ ಓಡಾಡಿದ್ದಕ್ಕೆ?"

"ಓಡಾಡಿದ್ದು ನೀವು. ಅಂಕ ಔಷಧಿಗೆ."

ಸಿಸ್ಟರ್ ನನ್ನ ಕಡೆ ತಿರುಗಿ, "ಐದು ಅಂದ್ರೆ ಬಹಳ ಇಷ್ಟ ಆಗಿದೆ ಅಂತ ತಾನೇ?" ಎಂದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅವರು ನನ್ನನ್ನು ಬಚ್ಚಲಿಗೆ ಕಳಿಸಿದರು, ಬಕೆಟ್ ತರಬೇಕು ಎಂಬ ನೆಪದಲ್ಲಿ. ಬಕೆಟ್ ಆಗಲೇ ಮಂಚದ ಕೆಳಗಿತ್ತು.

ಆ ಸಂಜೆ ಅಕ್ಕನ ತಲೆಗೆ ನೀರು ಹಾಕಿದೆವು. ಮುಟ್ಟಿದರೆ ಸಾಕು ಹಲ್ಲು ಕಚ್ಚುತ್ತಿದ್ದವಳು, ಮೂರು ವಾರದಿಂದ ತಲೆಗೆ ಕೈ ಹಾಕಲು ಬಿಟ್ಟಿರಲಿಲ್ಲ. ಸಿಸ್ಟರ್ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕೊಳವೆಯಂತೆ ಮಡಿಸಿ ಕತ್ತಿನ ಕೆಳಗಿಟ್ಟು, ನೀರು ನೇರವಾಗಿ ಬಕೆಟ್ಟಿಗೆ ಇಳಿಯುವಂತೆ ಮಾಡಿದರು. ಒಂದು ಹನಿ ದಿಂಬಿಗೆ ತಾಕಲಿಲ್ಲ. "ಮೂವತ್ತಾರು ವರ್ಷದ ಸೀಮೆಸುಣ್ಣ ಇನ್ನೂ ಇದೆ ನೋಡಿ" ಎಂದು ಗೊಣಗುತ್ತಾ ಎರಡು ಸಲ ಸೋಪು ಹಾಕಿದರು. ಅಕ್ಕ ಕಣ್ಣು ಮುಚ್ಚಿಕೊಂಡು, "ಕಿವಿಯ ಹಿಂದೆ ಬಿಟ್ಟುಹೋಯ್ತು" ಎಂದಳು.

ಅವಳು ಹನ್ನೊಂದು ದಿನ ಬದುಕಿದಳು. ಆ ಹನ್ನೊಂದು ದಿನ ನಾವು ಏನೋ ದೊಡ್ಡ ಮಾತುಗಳನ್ನಾಡಿದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ನಮ್ಮೆಲ್ಲರ ತಲೆ ತಿಂದಳು. ಪಕ್ಕದ ಕೋಣೆಯ ರೇಡಿಯೋ ಜೋರು ಎಂದಳು, ಸಣ್ಣಗೆ ಮಾಡಿದರೆ ಕೇಳಿಸುವುದಿಲ್ಲ ಎಂದಳು. ಗೋಡೆಯ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ತಮ್ಮನನ್ನು ಕುರ್ಚಿ ಹತ್ತಿಸಿದಳು. ನಾನು ಓದಿ ಹೇಳುತ್ತಿದ್ದ ಪುಸ್ತಕದಲ್ಲಿ ತಪ್ಪು ಹುಡುಕಿದಳು. ನನ್ನ ಯಜಮಾನರ ಕತ್ತು ನಿಜಕ್ಕೂ ಉದ್ದವಿತ್ತೇ ಎಂದು ಇಬ್ಬರೂ ಒಂದು ಮಧ್ಯಾಹ್ನ ಪೂರ್ತಿ ವಾದ ಮಾಡಿದೆವು. ಸಾಕಾಗಿ ಅವಳು ನಿದ್ದೆ ಹೋದಳು, ಆದ್ದರಿಂದ ನಾನು ಗೆದ್ದೆ ಎನ್ನುವ ಹಾಗಿಲ್ಲ. ಸಿಸ್ಟರ್ ಬಂದಾಗಲೆಲ್ಲ ಮಾಮೂಲಿನ ಪ್ರಶ್ನೆ: "ಹೊಟ್ಟೆ ಸಾಫ್ ಆಯ್ತಾ?" ಅಕ್ಕ ಈಗ ಆಯ್ತು, ಇಲ್ಲ ಎಂದು ಹೇಳುತ್ತಿದ್ದಳು. ತಮ್ಮ ಇದ್ದರೂ ಹೇಳುತ್ತಿದ್ದಳು.

ಒಂದು ದಿನ ಸಿಸ್ಟರುಗಳ ಮೇಜಿನ ಬಳಿ ಗಲಾಟೆ ಕೇಳಿ ಹೋಗಿ ನೋಡಿದರೆ ತಮ್ಮ ನಿಂತಿದ್ದ. "ಹನ್ನೆರಡಕ್ಕೆ ಕೊಡ್ಬೇಕಿತ್ತು. ಹನ್ನೆರಡೂ ಆರು ಆಯ್ತು. ಆರು ನಿಮಿಷ ಅವಳು ಯಾಕೆ ಕಾಯ್ಬೇಕು?"

"ಸಾರ್, ನೀವು ಲಿಫ್ಟಿನ ಕೆಲಸದಲ್ಲಿ ಇದ್ದಿದ್ದೇ ಒಳ್ಳೇದಾಯ್ತು" ಎಂದರು ಗೊಣಗು ಸಿಸ್ಟರ್, ಔಷಧಿ ಅಳೆಯುತ್ತಾ. "ಇಲ್ಲಿ ಇದ್ದಿದ್ರೆ ನಾವೆಲ್ಲಾ ಕೆಲಸ ಬಿಟ್ಟು ಹೋಗ್ತಿದ್ವಿ."

ಒಂಬತ್ತನೆಯ ದಿನ ಅಕ್ಕನಿಗೆ ನುಂಗುವುದು ಕಷ್ಟವಾಯಿತು. ಸಿಸ್ಟರ್ ನನ್ನನ್ನೂ ತಮ್ಮನನ್ನೂ ಓಣಿಯ ಕೊನೆಯ ಬೆಂಚಿಗೆ ಕರೆದುಕೊಂಡು ಹೋಗಿ, ಒಂದೂ ಗೊಣಗು ಇಲ್ಲದೆ ಹೇಳಿದರು. ಪಾದ ತಣ್ಣಗಾಗುತ್ತಿದೆ, ಉಸಿರಿನ ನಡುವೆ ಬಿಡುವು ಬರುತ್ತದೆ, ಗಂಟಲಲ್ಲಿ ಸದ್ದಾಗುತ್ತದೆ, ಆ ಸದ್ದು ನಮಗೆ ಕಷ್ಟ, ಅವಳಿಗಲ್ಲ. ಬಾಯಿಗೆ ನೀರು ಹಾಕಬೇಡಿ, ತುಟಿ ಒದ್ದೆ ಮಾಡಿ. ಔಷಧಿ ಇನ್ನು ಚರ್ಮದ ಕೆಳಗೆ ಸಣ್ಣ ಸೂಜಿಯಲ್ಲಿ ಹೋಗುತ್ತದೆ, ತಪ್ಪುವುದಿಲ್ಲ. "ಮಾತಾಡ್ತಾ ಇರಿ. ಕೇಳಿಸುತ್ತೆ ಅಂತಾನೇ ಅಂದ್ಕೊಳ್ಳಿ." ತಮ್ಮ ಏನೂ ವಾದಿಸಲಿಲ್ಲ. ಸೂಜಿಯ ಪಂಪಿನಲ್ಲಿ ಎಷ್ಟು ಗಂಟೆಗೆ ಎಷ್ಟು ಹೋಗುತ್ತದೆ ಎಂದು ಮಾತ್ರ ಕೇಳಿದ.

ಎರಡು ದಿನದ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನಾನು ಅವಳಿಗೆ ಪೇಪರ್ ಓದಿ ಹೇಳುತ್ತಿದ್ದಾಗ ಒಂದು ಬಿಡುವು ಉದ್ದವಾಯಿತು. ನಾನು ಓದುವುದನ್ನು ನಿಲ್ಲಿಸಿ ಕಾದೆ. ತಮ್ಮ ಎಣಿಸುತ್ತಿದ್ದವನು ಎಣಿಸುವುದನ್ನು ನಿಲ್ಲಿಸಿದ. ಅವಳ ಹಣೆಯಲ್ಲಿ ಒಂದು ಗೆರೆಯೂ ಇರಲಿಲ್ಲ.

ಡಾಕ್ಟರು ಬಂದು ನೋಡಿ ಹೋದ ಮೇಲೆ ಸಿಸ್ಟರ್ ಬಿಸಿನೀರಿನ ಬೋಗುಣಿ ತಂದರು. "ಅಮ್ಮಾ, ನೀವೂ ಬರ್ತೀರಾ?" ಎಂದು ನನ್ನನ್ನು ಕೇಳಿದರು. ನಾನು ತೋಳು ಮಡಿಸಿಕೊಂಡೆ. ತಮ್ಮ ಪರದೆಯ ಆಚೆ, ನಮಗೆ ಬೆನ್ನು ಮಾಡಿ ನಿಂತ.

ಅವರು ಮೊದಲಿನ ಹಾಗೆಯೇ ನಲ್ಲಿಯ ಕೆಳಗೆ ಕೈ ಬಿಸಿಮಾಡಿಕೊಂಡರು. ಮುಖ ಒರೆಸಿದೆವು, ಕಿವಿಯ ಹಿಂದೆ ಒರೆಸಿದೆವು, ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಆ ಮುಂಗೈ ಒರೆಸಿದೆವು. ಬೆನ್ನಿಗೆ ಬಂದಾಗ ಸಿಸ್ಟರ್ ಒಂದು ಕೈ ಭುಜದ ಹಿಂದೆ, ಒಂದು ಕೈ ಮಂಡಿಯ ಹಿಂದೆ ಇಟ್ಟು, "ಟೀಚರ್, ಎಡಕ್ಕೆ ತಿರುಗಿಸ್ತೀನಿ" ಎಂದರು.

"ಮೆಲ್ಲಗೆ!" ಎಂದ ತಮ್ಮ ಪರದೆಯ ಆಚೆಯಿಂದ, ಸಿಡುಕಿ. "ಎಷ್ಟು ಸಲ ಹೇಳ್ಬೇಕು? ಆ ಸೊಂಟ ಹುಷಾರು. ಮೆಲ್ಲಗೆ."

ನಾನು ಸಿಸ್ಟರ ಮುಖ ನೋಡಿದೆ. ಇನ್ನು ಅವಳಿಗೆ ನೋವಾಗುವುದಿಲ್ಲ ಎಂದು ಅವರು ಹೇಳಬಹುದಿತ್ತು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿರಬಹುದೋ.

"ಆಯ್ತು ಸಾರ್, ಮೆಲ್ಲಗೇ" ಎಂದರು. ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ ತಿರುಗಿಸಿದರು. ಮಂಡಿಗಳ ನಡುವೆ ದಿಂಬು ಇಟ್ಟರು.